ಮೊದಲು ಅರ್ಧ ಗಂಟೆ ಹಳೆ ಲೈನ್ ಕಿತ್ತಿಡಿ: ಕಲಬುರಗಿಯ ಅಂಗಡಿಗಳನ್ನು ಫೈಬರ್‌ಗೆ ತಂದ ನನ್ನ ಅನುಭವ

"ಡಬ್ಬಿ ಕೂಡಿಸು, ಸಹಿ ಹಾಕಿಸ್ಕೊ, ಮುಂದಿನ ಅಂಗಡಿಗೆ ನಡಿ." ಫೋನ್, ಇಂಟರ್‌ನೆಟ್ ಲೈನ್ ಕೂಡಿಸುವ ನಮ್ಮ ಕಸುಬಿನವರೆಲ್ಲ ನನಗೆ ಹೇಳುತ್ತಿದ್ದುದು ಇದನ್ನೇ. ಒಂದು ಅಂಗಡಿಗೆ ಮೂರು ಸಲ ಹೋಗುತ್ತೇನೆ ಅಂದಾಗ ಪೆಟ್ರೋಲ್ ದುಡ್ಡು ಯಾರು ಕೊಡ್ತಾರೆ ಅಂತ ಕೇಳಿದರು. ಈಗ ಲೆಕ್ಕ ಹೇಳುತ್ತೇನೆ. ಗಂಜ್ (ಧಾನ್ಯದ ಪೇಟೆ), ಸೂಪರ್ ಮಾರ್ಕೆಟ್, ಕಪನೂರು ಕಡೆ ಸೇರಿ ಸುಮಾರು 70 ವ್ಯಾಪಾರಿಗಳನ್ನು ತಾಮ್ರದ ಲೈನಿನಿಂದ ಫೈಬರ್‌ಗೆ, ಅಂದರೆ ಬೆಳಕು ಹಾಯುವ ಗಾಜಿನ ಎಳೆಗೆ, ತಂದೆ. ಕೊನೆಯ 40ರಲ್ಲಿ ಮರುದಿನ ದೂರು ಬಂದಿದ್ದು ಮೂರೋ ನಾಲ್ಕೋ, ಅಷ್ಟೇ.

ಮೊದಲ 30ರಲ್ಲಿ ಆದದ್ದು ಬೇರೆ ಕಥೆ.

ಕಪನೂರಿನ ಒಂದು ದಾಲ್ ಮಿಲ್ಲು. ಹಳೆ ನಂಬರನ್ನು ಫೈಬರ್‌ಗೆ ವರ್ಗ ಮಾಡಿಸುವ ಬದಲು ನಾನು ಹೊಸ ಕನೆಕ್ಷನ್ ಬುಕ್ ಮಾಡಿದೆ, ಬೇಗ ಆಗುತ್ತದಲ್ವಾ ಅಂತ. ಆಯಿತು, ಎರಡೇ ದಿನದಲ್ಲಿ, ಆದರೆ ನಂಬರು ಬದಲಾಯಿತು. ಆಮೇಲೆ ಸಾವ್ಕಾರ್ರು ನನ್ನನ್ನು ಗೋದಾಮಿಗೆ ಕರೆದುಕೊಂಡು ಹೋಗಿ ಒಂದು ಖಾಲಿ ಚೀಲ ಬಿಡಿಸಿ ತೋರಿಸಿದರು. ತೊಗರಿ ಬೇಳೆಯ ಚಿತ್ರ, ಮಿಲ್ಲಿನ ಹೆಸರು, ಕೆಳಗೆ ಕೆಂಪಕ್ಷರದಲ್ಲಿ ಕಲಬುರಗಿಯ ಕೋಡ್ 08472 ಮತ್ತು ಹಳೆ ನಂಬರು. ಅಂಥವು ಹತ್ತಿರ ಹತ್ತಿರ 6,000 ಚೀಲ. "ಇವನ್ನೇನು ಮಾಡ್ಲಿ ಹೇಳ್ರಿ?" ಅಂದರು. ಸಿಟ್ಟು ಮಾಡಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು. ಸ್ಟಿಕ್ಕರ್ ಮಾಡಿಸಿ, ಇಬ್ಬರು ಹುಡುಗರನ್ನು ಕೂರಿಸಿ ಅಂಟಿಸಿದೆ. ಕೈಯಿಂದ ಸುಮಾರು 9,000 ರೂಪಾಯಿ ಹೋಯಿತು. ಅವತ್ತಿನಿಂದ ಯಾವ ಅಂಗಡಿಗೆ ಹೋದರೂ ಮೊದಲು ನೋಡುವುದು ಚೀಲ, ಬೋರ್ಡು, ಬಿಲ್ ಬುಕ್ಕು. ಡಿಪಿ ಪೆಟ್ಟಿಗೆ (ಲೈನ್‌ಗಳು ಹಂಚಿಕೆಯಾಗುವ ಡಬ್ಬಿ) ಆಮೇಲೆ.

ಎರಡನೆಯದು ಒಂದು ನರ್ಸಿಂಗ್ ಹೋಂ. ಬೇಸಿಗೆ, ರಾತ್ರಿ ಕರೆಂಟ್ ಹೋಯಿತು. ಜನರೇಟರ್ ಇತ್ತು, ಆದರೆ ಓಎನ್‌ಟಿ (ಫೈಬರನ್ನು ಫೋನಿಗೆ, ಇಂಟರ್‌ನೆಟ್ಟಿಗೆ ಜೋಡಿಸುವ ಡಬ್ಬಿ) ಹಾಕಿದ್ದ ಪ್ಲಗ್ಗಿಗೆ ಜನರೇಟರ್ ಲೈನ್ ಇರಲಿಲ್ಲ, ಫೋನ್ ಸತ್ತಿತು. ಹಳೆ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಅದು ಬಡಿದುಕೊಳ್ಳುತ್ತಿತ್ತು. ಫೈಬರಿನಲ್ಲಿ ಕರೆಂಟ್ ಬರುವುದಿಲ್ಲ ಅಂತ ನಮಗೆ ಗೊತ್ತು, ಗಿರಾಕಿಗೆ ಗೊತ್ತಿಲ್ಲ. ಹೇಳದೆ ಬಂದದ್ದು ನನ್ನ ತಪ್ಪು. ಈಗ 12 ವೋಲ್ಟಿನ ಮಿನಿ ಯುಪಿಎಸ್ ಇಲ್ಲದೆ ಯಾರಿಗೂ ಕೂಡಿಸುವುದಿಲ್ಲ. ಸುಮಾರು 1,400 ರೂಪಾಯಿ, ಮೂರು ತಾಸು ಎಳೆಯುತ್ತದೆ. ಅದರಲ್ಲಿ ನನಗೆ 200 ಉಳಿಯುತ್ತದೆ, ಮುಚ್ಚಿಡುವುದೇನಿಲ್ಲ.

ಈಗ ನನ್ನ ಪದ್ಧತಿ. ಬದಲಾಯಿಸುವುದಕ್ಕೆ ಒಂದು ವಾರ ಮೊದಲು ಮಾಲೀಕರಿಗೆ ಹೇಳಿ, ವ್ಯಾಪಾರ ನಡೆಯುವ ಹೊತ್ತಲ್ಲೇ ಹಳೆ ಲೈನನ್ನು ಅರ್ಧ ಗಂಟೆ ಕಿತ್ತಿಡುತ್ತೇನೆ. ಆಮೇಲೆ ಸುಮ್ನೆ ಕೂರುತ್ತೇನೆ. ಯಾರು ಕೂಗುತ್ತಾರೋ ಬರೆದುಕೊಳ್ಳುತ್ತೇನೆ. ಒಂದು ಬಟ್ಟೆ ಅಂಗಡಿಯಲ್ಲಿ ಮಾಲೀಕರು ಮೂರೇ ಫೋನು ಅಂದಿದ್ದರು. ಹತ್ತು ನಿಮಿಷಕ್ಕೆ ಕೌಂಟರಿನ ಹಳೆ ಸ್ವೈಪ್ ಮಷಿನ್ ನಿಂತಿತು. ಇಪ್ಪತ್ತಕ್ಕೆ ಹಿಂದಿನ ಗೋದಾಮಿನಿಂದ ವಯಸ್ಸಾದ ಗುಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತ ಬಂದು, "ಸಾವ್ಕಾರ್ರೆ, ನನ್ನ ಫೋನ್ ಸತ್ತದ್ರಿ" ಅಂದರು. ಹೀಗೆ ಒಂದೇ ಲೈನಿಗೆ ಐದು ಸೆಟ್ ಸಿಕ್ಕವು. ಅಷ್ಟನ್ನೂ ರಿಂಗ್ ಮಾಡಿಸುವ ಶಕ್ತಿ ಆ ಓಎನ್‌ಟಿ ಪೋರ್ಟಿಗೆ ಇರಲಿಲ್ಲ. ಚಿಕ್ಕ ಇಂಟರ್‌ಕಾಮ್ ಹಾಕಿಸಿದೆ. ಬಂಗಾರದ ಅಂಗಡಿಗಳಲ್ಲಿ ಕಳ್ಳರ ಅಲಾರಂ ಫೋನ್ ಲೈನಿಗೇ ಕೊಟ್ಟಿರುತ್ತಾರೆ, ಅದೂ ಹೀಗೇ ಸಿಕ್ಕಿತು. ಬಾಯಿಮಾತಲ್ಲಿ ಕೇಳಿದರೆ ಇದ್ಯಾವುದೂ ಹೊರಗೆ ಬರುವುದಿಲ್ಲ.

ಆಮೇಲೆ ಒಂದು ವಾರ ಎರಡೂ ಲೈನ್ ಜೊತೆಯಲ್ಲೇ ಓಡಬೇಕು. ಇಂಟರ್‌ನೆಟ್ ಮೊದಲು ಹೊಸದಕ್ಕೆ, ಫೋನು ಕೊನೆಗೆ. ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಆನ್‌ಲೈನ್ ಪತ್ರ) ತೆಗೆಯುವ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಬದಲಾಯಿಸುತ್ತೇನೆ, ಲಾರಿ ಗೇಟಲ್ಲಿ ನಿಂತರೆ ಬೈಗುಳ ನನಗೇ ಅಲ್ವಾ. ಕ್ಯಾಮೆರಾ ಮನೆಯಿಂದ ನೋಡುವವರಿಗೆ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಬೇಕೋ ಅಂತ ಮೊದಲೇ ಕೇಳಿಬಿಡಿ. ಜನವರಿಯಿಂದ ಮಾರ್ಚ್‌ವರೆಗೆ ಗಂಜಿನ ಅಡತ್ (ದಲಾಲಿ) ಅಂಗಡಿಗಳನ್ನು ಮುಟ್ಟಲೇಬೇಡಿ. ತೊಗರಿ ಬರುವ ಹೊತ್ತು, ಒಂದು ತಾಸು ಫೋನ್ ನಿಂತರೂ ಯಾರೂ ಕ್ಷಮಿಸುವುದಿಲ್ಲ. ಮೊದಲ ಭೇಟಿಯಲ್ಲಿ ಕೇಳುವ ನನ್ನ ಪ್ರಶ್ನೆಪಟ್ಟಿಯ ಕೊನೆಯ ಎರಡು ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಮಿಲ್ಲಿನ ಧೂಳಿನ ಬಗ್ಗೆ ಒಂದು ಮಾತು. ತೊಗರಿ ಹೊಟ್ಟಿನ ಪುಡಿ ಎಷ್ಟು ಸಣ್ಣದಂದರೆ ಕನೆಕ್ಟರ್ ಒಮ್ಮೆ ಬಿಚ್ಚಿ ಹಾಕಿದರೆ ಸಾಕು, ಒಳಗೆ ಕೂರುತ್ತದೆ. ಮೀಟರಿನಲ್ಲಿ ಮೈನಸ್ 19 ಇದ್ದ ಬೆಳಕಿನ ಪವರ್ ಒಂದು ಕಡೆ ಮೈನಸ್ 26ಕ್ಕೆ ಇಳಿಯಿತು. ಸ್ಪ್ಲೈಸ್ (ಫೈಬರಿನ ಬೆಸುಗೆ) ಎರಡು ಸಲ ಮತ್ತೆ ಮಾಡಿದೆ, ವ್ಯರ್ಥ. ಕನೆಕ್ಟರಿಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಸರಿಹೋಯಿತು. ಸ್ಟೀಲ್ ಊಟದ ಡಬ್ಬಿಗೆ ತೂತು ಹೊಡೆದು, ರಬ್ಬರ್ ಕೊಟ್ಟು, ಓಎನ್‌ಟಿ ಅದರೊಳಗೆ ಇಟ್ಟು ನೋಡಿದೆ. ಧೂಳು ನಿಂತಿತು, ಆದರೆ ಮೇ ತಿಂಗಳಲ್ಲಿ ಡಬ್ಬಿ ಕಾದು ಓಎನ್‌ಟಿ ತಾನೇ ಆಫ್ ಆಗತೊಡಗಿತು, ವೈಫೈಯೂ ಹೊರಗೆ ಬರಲಿಲ್ಲ. ಈಗ ಓಎನ್‌ಟಿಯನ್ನು ಆಫೀಸ್ ಕೋಣೆಯಲ್ಲೇ ಕೂಡಿಸುತ್ತೇನೆ, 30 ಮೀಟರ್ ವೈರ್ ಜಾಸ್ತಿ ಹೋದರೂ ಸರಿ.

ಮೊದಲ ಭೇಟಿಗೆ ಈಗ 500 ರೂಪಾಯಿ ತೆಗೆದುಕೊಳ್ಳುತ್ತೇನೆ. ಶುರುವಿನಲ್ಲಿ ಯಾರೂ ಕೊಡಲಿಲ್ಲ. ಚೀಲದ ಸಾವ್ಕಾರ್ರು ಈ ಮಳೆಗಾಲದಲ್ಲಿ ಬೀದರಿನ ಅಳಿಯನ ಅಂಗಡಿಗೂ ನನ್ನನ್ನೇ ಕಳಿಸಿದರು, 500 ಮುಂಗಡ ಕೊಟ್ಟು. ಹೋದ ಕೂಡಲೇ ಬಿಲ್ ಬುಕ್ ಕೇಳಿದೆ. 08482 ನಂಬರು ಮೇಲೊಂದು ಕಡೆ, ಕೆಳಗೊಂದು ಕಡೆ ಅಚ್ಚಾಗಿತ್ತು. ವರ್ಗಾವಣೆ ಅರ್ಜಿ ಅಲ್ಲೇ ಕೂತು ತುಂಬಿದೆ.