‘ಸೆಲ್ಫ್ ಫುಲ್‌ಫಿಲ್ಲಿಂಗ್ ಪ್ರಾಫೆಸಿ’ ಎಂದು ಎಲ್ಲಿ ಬರೆಯಬೇಕು, ಎಲ್ಲಿ ಬೇಡ

ಯಾರೋ ಹೀಗಾಗುತ್ತದೆ ಎಂದರು, ಹಾಗೇ ಆಯಿತು. ಇಂಗ್ಲಿಷ್‌ನಲ್ಲಿ ಅದನ್ನು ಬರೆಯುವಾಗ ಸುಮ್ನೆ ‘ಸೆಲ್ಫ್ ಫುಲ್‌ಫಿಲ್ಲಿಂಗ್ ಪ್ರಾಫೆಸಿ’ ಎಂದುಬಿಡುವವರು ಜಾಸ್ತಿ. ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಭವಿಷ್ಯವಾಣಿ ಎಂದು ಅದರ ಅರ್ಥ. ಹಾಗಾಗಿ ಹೇಳಿದ್ದು ನಿಜವಾದರಷ್ಟೇ ಸಾಲದು. ಹೇಳಿದ್ದರಿಂದಲೇ ಅದು ನಿಜವಾಗಿರಬೇಕು.

ಈ ಮಾತನ್ನು ಬಳಕೆಗೆ ತಂದವರು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್. 1948ರ ಲೇಖನವೊಂದರಲ್ಲಿ ಅವರು 1932ರ ಒಂದು ಬ್ಯಾಂಕಿನ ಕಥೆ ಕಟ್ಟಿ ಹೇಳಿದರು. ಬ್ಯಾಂಕ್ ಗಟ್ಟಿಯಾಗಿಯೇ ಇತ್ತು. ಮುಳುಗುತ್ತಿದೆ ಎಂಬ ಗಾಳಿಸುದ್ದಿ ಹಬ್ಬಿತು. ಠೇವಣಿ ಇಟ್ಟವರೆಲ್ಲ ದುಡ್ಡು ವಾಪಸ್ ಕೊಡಿ ಎಂದು ಮುಗಿಬಿದ್ದರು. ಯಾವ ಬ್ಯಾಂಕೂ ಎಲ್ಲರ ಹಣವನ್ನು ತಿಜೋರಿಯಲ್ಲಿ ಇಟ್ಟುಕೊಂಡು ಕೂತಿರುವುದಿಲ್ಲ, ಅಲ್ವಾ? ಬ್ಯಾಂಕ್ ಮುಳುಗಿಯೇ ಹೋಯಿತು.

ಈ ಕಥೆಯನ್ನೇ ಅಳತೆಗೋಲು ಮಾಡಿಕೊಳ್ಳಿ. ಮೊದಲು, ಹೇಳಿದಾಗ ಆ ಮಾತು ಸುಳ್ಳಾಗಿತ್ತೇ ನೋಡಿ. ಆಮೇಲೆ, ಜನ ಅದನ್ನು ನಂಬಿ ಬೇರೆ ರೀತಿ ನಡೆದುಕೊಂಡರೇ ಕೇಳಿಕೊಳ್ಳಿ. ಕೊನೆಗೆ, ಆ ನಡೆಯಿಂದಲೇ ಮಾತು ನಿಜವಾಯಿತೇ? ಎಡವುವುದು ಇಲ್ಲೇ.

2013ರ ಅಕ್ಟೋಬರ್‌ನಲ್ಲಿ ಫೈಲಿನ್ ಚಂಡಮಾರುತ ಬರುತ್ತದೆ ಎಂದು ಹವಾಮಾನ ಇಲಾಖೆ ಮೊದಲೇ ಹೇಳಿತ್ತು. ಒಡಿಶಾದಲ್ಲಿ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದರು. 12ರಂದು ಗೋಪಾಲಪುರದ ಬಳಿ ಅದು ಅಪ್ಪಳಿಸಿತು. ಜನ ನಂಬಿದ್ದರು, ಊರು ಬಿಟ್ಟಿದ್ದರು. ಆದರೆ ಅವರು ಊರು ಬಿಟ್ಟರು ಅಂತ ಚಂಡಮಾರುತ ಬರಲಿಲ್ಲ. ಇಲ್ಲಿ ‘ದ ಫೋರ್‌ಕಾಸ್ಟ್ ವಾಸ್ ಸ್ಪಾಟ್ ಆನ್’, ಅಂದರೆ ಮುನ್ಸೂಚನೆ ಕರಾರುವಾಕ್ಕಾಗಿತ್ತು ಎಂದು ಬರೆಯಿರಿ, ಅಷ್ಟು ಸಾಕು. ಜೀವ ಉಳಿಸಿದ ಮುನ್ಸೂಚನೆಗೆ ತಪ್ಪು ಹಣೆಪಟ್ಟಿ ಹಚ್ಚಬಾರದು.

2016ರ ನವೆಂಬರ್ ನೆನಪಿಸಿಕೊಳ್ಳಿ. ಉಪ್ಪು ಸಿಗುವುದಿಲ್ಲ, ಬೆಲೆ ಏರುತ್ತದೆ ಎಂಬ ವದಂತಿ ದೆಹಲಿ, ಉತ್ತರ ಪ್ರದೇಶದ ಕಡೆ ಹಬ್ಬಿತು. ದಾಸ್ತಾನು ಬೇಕಾದಷ್ಟಿತ್ತು. ಜನ ಅಂಗಡಿಗೆ ನುಗ್ಗಿ ಚೀಲಗಟ್ಟಲೆ ಕೊಂಡರು, ಬೆಲೆ ಏರಿತು. ಇಲ್ಲಿ ಧೈರ್ಯವಾಗಿ ‘ಸೆಲ್ಫ್ ಫುಲ್‌ಫಿಲ್ಲಿಂಗ್’ ಎನ್ನಿ.

ಎಚ್ಚರಿಕೆ ಕೇಳಿ ಜನ ಜಾಗ್ರತೆ ವಹಿಸಿ, ಹೇಳಿದ್ದು ಆಗದೇ ಹೋದರೆ ಅದು ಇದಕ್ಕೆ ತದ್ವಿರುದ್ಧ. ಆಗ ‘ಸೆಲ್ಫ್ ಡಿಫೀಟಿಂಗ್ ಪ್ರಾಫೆಸಿ’ ಎನ್ನಬೇಕು.

ಇನ್ನು ಕಾಗುಣಿತ. ‘ಸೆಲ್ಫ್’ ಮತ್ತು ‘ಫುಲ್‌ಫಿಲ್ಲಿಂಗ್’ ನಡುವೆ ಅಡ್ಡಗೆರೆ ಇರಲಿ. ‘ಪ್ರಾಫೆಸಿ’ ನಾಮಪದ, ಅದಕ್ಕೆ ಸಿ ಅಕ್ಷರ. ಎಸ್ ಹಾಕಿದರೆ ಅದು ‘ಪ್ರಾಫೆಸೈ’, ಅಂದರೆ ಭವಿಷ್ಯ ನುಡಿ ಎಂಬ ಕ್ರಿಯಾಪದ. ಸ್ಪೆಲ್‌ಚೆಕ್ ಎರಡನ್ನೂ ಸರಿ ಎನ್ನುತ್ತದೆ, ಕಣ್ಣಾಡಿಸಿಯೇ ಹಿಡಿಯಬೇಕು.