ಸ್ಕ್ರಿಪ್ಟ್ ಕೊಡದೇ ಶುರು ಮಾಡಿದ ರಿಹರ್ಸಲ್: ನನ್ನ ಅನುಭವ

ಮೂರನೇ ಸಲಕ್ಕೆ ಕೈಗೂಡ್ತು. ಸ್ಕೂಲ್ ನಾಟಕಕ್ಕೆ ಮೊದಲ ಮೂರು ವಾರ ಮಕ್ಕಳ ಕೈಗೆ ಸ್ಕ್ರಿಪ್ಟೇ ಕೊಡಲ್ಲ ಅಂತ ನಾನು ಹೇಳಿದಾಗ ಸ್ಟಾಫ್ ರೂಮಲ್ಲಿ ಒಬ್ಬರೂ ಒಪ್ಪಿರ್ಲಿಲ್ಲ, ಬಾಯಿಪಾಠ ಆಗದೆ ನಾಟಕ ಹೇಗ್ರೀ ಆಗತ್ತೆ, ಕೊನೇ ವಾರ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತೀರ ಅಂದೋರೂ ಇದ್ರು. ಈ ಸಲ 26 ಮಕ್ಕಳು, ಹತ್ತಿರ ಹತ್ತಿರ 50 ನಿಮಿಷದ ನಾಟಕ, ಸ್ಟೇಜ್ ಪಕ್ಕದ ಮರೆಯಲ್ಲಿ, ಅಂದ್ರೆ ವಿಂಗ್‌ನಲ್ಲಿ, ಮಾತು ಹೇಳಿಕೊಡೋ ಪ್ರಾಂಪ್ಟರ್ ಇರ್ಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಅದಕ್ಕೇ ಬರೀತಿದೀನಿ. ಬ್ಲಾಕಿಂಗು (ಸ್ಟೇಜ್ ಮೇಲೆ ಯಾರು ಎಲ್ಲಿ ನಿಲ್ಬೇಕು, ಎಲ್ಲಿಗೆ ನಡೀಬೇಕು ಅನ್ನೋದು), ಕ್ಯೂ (ತಮ್ಮ ಮಾತು ಶುರು ಮಾಡೋಕೆ ಸಿಗೋ ಸೂಚನೆ) ಇವೆಲ್ಲ ನಾಟಕ ಮಾಡಿಸೋ ನಿಮಗೆ ಗೊತ್ತಿರೋದೇ, ಅದಕ್ಕೆ ಹೋಗಲ್ಲ.

ಮೊದಲನೇ ವರ್ಷ ಎಲ್ಲರೂ ಮಾಡೋ ಹಾಗೇ ಮಾಡಿದ್ದೆ. ಮೊದಲ ದಿನವೇ ಪಾತ್ರ ಹಂಚಿ, ಜೆರಾಕ್ಸ್ ಕೊಟ್ಟು, ಒಂದು ವಾರದಲ್ಲಿ ಬಾಯಿಗೆ ಬರಬೇಕು ಅಂದೆ. ಬಂತು. ಆದರೆ ಏನಾಯ್ತು ಅಂದ್ರೆ ಪ್ರತಿ ಮಗುವೂ ಎದುರಿನೋರ ಮಾತಿನ ಕೊನೇ ಪದಕ್ಕೆ ಕಾಯ್ತಾ ನಿಲ್ಲೋದು, ಅವರು ಏನು ಹೇಳ್ತಿದ್ದಾರೆ ಅಂತ ಕೇಳಿಸ್ಕೊಳ್ತಾನೇ ಇರ್ಲಿಲ್ಲ. ಶೋ ದಿನ ಒಬ್ಬ ಹುಡುಗ ಒಂದು ಪುಟ ಹಾರಿಸಿಬಿಟ್ಟ, ಮುಂದಿನ ಮೂವರಿಗೆ ಅವರ ಕ್ಯೂ ಬರ್ಲೇ ಇಲ್ಲ, ಸುಮ್ನೆ ನಿಂತ್ರು, ವಿಂಗಿಂದ ನಾನು ಹೇಳಿಕೊಡೋ ದನಿ ನಾಲ್ಕನೇ ಸಾಲಿನವರೆಗೂ ಕೇಳಿಸ್ತು. ಸುಮಾರು 40 ರಿಹರ್ಸಲ್ ಮಾಡಿದ್ವಿ, ಒಂದೊಂದೂ ಒಂದೂವರೆ ಗಂಟೆ. ಆ ಮೂವರ ಮುಖ ಇವತ್ತಿಗೂ ಕಣ್ಣ ಮುಂದಿದೆ, ತಪ್ಪು ಅವರದ್ದಲ್ಲ, ನಾನು ಕಲಿಸಿದ್ದೇ ಅದನ್ನ.

ದುಡ್ಡಿನ ಕಥೆಯೂ ಹಾಗೇ. ಆ ವರ್ಷ ಸಿಕ್ಕಿದ ಬಜೆಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಬಾಡಿಗೆ ಕಾಸ್ಟ್ಯೂಮಿಗೆ ಹೋಯ್ತು, ಕಾಲು ಭಾಗ ಕಾಲರ್ ಮೈಕಿಗೆ. ಎರಡನೇ ಸೀನಲ್ಲೇ ಒಂದು ಮೈಕಿನ ಬ್ಯಾಟರಿ ಹೋಯ್ತು, ಇನ್ನೊಂದು ಬಟ್ಟೆಗೆ ಉಜ್ಜಿ ಪರಪರ ಅಂತಿತ್ತು, ಮೈಕ್ ಇದೆ ಅಂತ ನಂಬಿ ಮಕ್ಕಳು ಮೆತ್ತಗೆ ಮಾತಾಡೋದನ್ನ ಬೇರೆ ರೂಢಿ ಮಾಡ್ಕೊಂಡಿದ್ರು. ಲೈಟು ಶೋ ದಿನ ಬೆಳಗ್ಗೆ ಬಂತು, ಅಂದ್ರೆ ಲೈಟು, ಸೌಂಡು ಸೇರಿಸಿ ಮಾಡೋ ಟೆಕ್ ರಿಹರ್ಸಲ್ಲೇ ಇಲ್ಲ. ಈಗ ಕಾಲರ್ ಮೈಕೇ ತರಲ್ಲ, ಸ್ಟೇಜ್ ಮುಂದೆ ಎರಡು ಮೈಕ್ ನೆಲದ ಮೇಲೆ, ಅಷ್ಟೇ. ಕಾಸ್ಟ್ಯೂಮ್ ಮನೇಲಿರೋ ಬಟ್ಟೆ, ಎಲ್ಲರಿಗೂ ಎರಡೇ ಬಣ್ಣ ಅಂತ ಮೊದಲೇ ಹೇಳಿಬಿಡ್ತೀನಿ. ಉಳಿದ ದುಡ್ಡಲ್ಲಿ ಲೈಟನ್ನ ಒಂದು ದಿನ ಮುಂಚೆ ತರಿಸ್ತೀನಿ, ನಾನು ಮಾಡಿದ ಖರ್ಚಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ.

ಈಗ ವಿಧಾನಕ್ಕೆ ಬರ್ತೀನಿ. ಇದು ನಾನು ಕಂಡುಹಿಡಿದದ್ದಲ್ಲ. ನಟರನ್ನ ತಿಂಗಳುಗಟ್ಟಲೆ ಮೇಜಿನ ಸುತ್ತ ಕೂರಿಸಿ ಓದಿಸ್ತಿದ್ದ ರಷ್ಯಾದ ನಾಟಕ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯೇ 1938ರಲ್ಲಿ ತೀರಿಕೊಳ್ಳೋಕೆ ಮುಂಚಿನ ಕೆಲವು ವರ್ಷ ಅದನ್ನ ಬಿಟ್ಟು, ನಟರು ಮೊದಲು ಎದ್ದು ನಿಂತು ಸ್ವಂತ ಮಾತಲ್ಲಿ ದೃಶ್ಯ ಮಾಡ್ಲಿ, ಬರೆದ ಮಾತು ಆಮೇಲೆ ಬರಲಿ ಅನ್ನೋ ದಾರಿಗೆ ಬಂದಿದ್ರು, ಅವರ ಜೊತೆ ಇದ್ದ ನಟಿ, ನಿರ್ದೇಶಕಿ ಮರಿಯಾ ಕ್ನೆಬೆಲ್ ಅದನ್ನ ಮುಂದುವರಿಸಿದ್ರು. ಅದು ದೊಡ್ಡ ನಟರಿಗೆ, ಮಕ್ಕಳಿಗಲ್ಲ ಅಂತ ನನಗೆ ಹೇಳಿದೋರೇ ಜಾಸ್ತಿ. ನನ್ನ ಪ್ರಕಾರ ಮಕ್ಕಳಿಗೇ ಇದು ಹೆಚ್ಚು ಸರಿ, ಅವರು ಮನೆ ಆಟ, ಟೀಚರ್ ಆಟ ಆಡೋದೇ ಹೀಗೆ.

ಆದರೆ ಎರಡನೇ ವರ್ಷ ಇದನ್ನೇ ಮಾಡಿ ಸೋತೆ. ದೃಶ್ಯ ಹೇಳಿ, ಮಾಡಿ ಅಂತ ಬಿಟ್ಟೆ. ಜೋರು ಬಾಯಿಯ ನಾಲ್ಕು ಮಕ್ಕಳು ಇಡೀ ದೃಶ್ಯ ನುಂಗಿಬಿಡೋರು, ಮೆತ್ತಗಿರೋ ಮಕ್ಕಳು ಗೋಡೆಗೆ ಅಂಟ್ಕೊಂಡು ನಿಲ್ಲೋರು. ಐದು ನಿಮಿಷದ ಸೀನ್ ಹನ್ನೆರಡಾಗೋದು. ಕೊನೆಗೆ ಸ್ಕ್ರಿಪ್ಟ್ ಕೊಟ್ಟಾಗ ಯಾರೂ ತಮ್ಮ ಮಾತು ಬಿಡೋಕೆ ತಯಾರಿಲ್ಲ. 50 ನಿಮಿಷದ ನಾಟಕ 80ರ ಹತ್ತಿರ ಹೋಯ್ತು, ಹಿಂದಿನ ಸಾಲಿನ ಪೇರೆಂಟ್ಸ್ ಎದ್ದು ಹೋಗೋದು ಸ್ಟೇಜಿಂದಾನೇ ಕಾಣ್ತಿತ್ತು. ವಿಧಾನ ಬಿಟ್ಟೇಬಿಡೋಣ ಅನ್ನಿಸಿತ್ತು, ಆದರೆ ಅಷ್ಟು ಎಳೆದ್ರೂ ಒಂದು ಮಗುವೂ ಮಾತು ಮರೆತಿರ್ಲಿಲ್ಲ. ಆ ಒಂದು ವಿಷಯ ಹಿಡ್ಕೊಂಡು ಮೂರನೇ ವರ್ಷ ಮತ್ತೆ ಶುರು ಮಾಡ್ದೆ.

ಬದಲಾಯಿಸಿದ್ದು ಇಷ್ಟು. ಒಂದು ಸಲಕ್ಕೆ ಮೂರೇ ನಿಮಿಷ, ಸ್ಟಾಪ್‌ವಾಚ್ ಇಟ್ಟು. ಶುರುವಿಗೆ ಮುಂಚೆ ಪ್ರತಿಯೊಬ್ಬರ ಕಿವಿಯಲ್ಲಿ ಅವರಿಗೆ ಈ ದೃಶ್ಯದಲ್ಲಿ ಏನು ಬೇಕು ಅನ್ನೋದನ್ನ ಒಂದೇ ವಾಕ್ಯದಲ್ಲಿ ಹೇಳೋದು, ಮೆತ್ತಗಿರೋ ಮಗುವಿಗೆ ಬೇರೆಯೋರು ಕೊಡಲೇಬೇಕಾದ ವಸ್ತು ಕೇಳೋ ಕೆಲಸ. ಮೂರು ವಾರ ಪಾತ್ರ ಹಂಚಲೇ ಇಲ್ಲ, ದಿನಾ ಅದಲುಬದಲು, ನಾಟಕದಲ್ಲಿ ಮುಖ್ಯವಾದ ದೋಣಿಯವನ ಪಾತ್ರವನ್ನ ಒಂಬತ್ತೋ ಹತ್ತೋ ಮಕ್ಕಳು ಮಾಡಿದ್ದಾರೆ. ಒಬ್ಬರು ಪಕ್ಕದಲ್ಲಿ ಕೂತು ಚೆನ್ನಾಗಿ ಬಂದ ಮಾತು ಬರ್ಕೊಳ್ಳೋದು. ದೃಶ್ಯ ನಿಲ್ಲಿಸ್ದೆ ಪಕ್ಕದಿಂದ ನಾನು ಒಂದೆರಡು ಪದದ ಸೂಚನೆ ಎಸೆಯೋದು, ಇದು ಅಮೆರಿಕದ ನಾಟಕ ಶಿಕ್ಷಕಿ ವಯೋಲಾ ಸ್ಪೋಲಿನ್ ಚಿಕಾಗೋದಲ್ಲಿ ಮಕ್ಕಳ ಜೊತೆ ಆಟ ಆಡಿಸ್ತಾ ಬೆಳೆಸಿದ ಸೈಡ್ ಕೋಚಿಂಗ್, ನಿಮ್ಮಲ್ಲಿ ತುಂಬ ಜನ ಮಾಡ್ತಾನೇ ಇರ್ತೀರ. ಪಾತ್ರ ಕೊನೆಗೆ ಹೇಗೆ ಹಂಚ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಒಬ್ಬರೂ ಅತ್ತಿಲ್ಲ ಅನ್ನೋದು ಮಾತ್ರ ಹೇಳ್ತೀನಿ.

ನಾಟಕ ನಾನೇ ಬರೆದಿದ್ದು, ಹೊಳೆಗೆ ಸೇತುವೆ ಬರುತ್ತೆ, ದೋಣಿ ನಡೆಸೋನ ಕೆಲಸ ಹೋಗುತ್ತೆ. ಅಳತೆಗೆ ಬಂದ ಎಂಜಿನಿಯರಮ್ಮನ್ನ ಅವನೇ ಆಚೆ ದಡಕ್ಕೆ ಕರ್ಕೊಂಡು ಹೋಗಬೇಕು. ಅಲ್ಲಿ ಅವನಿಗೆ ಆರು ಸಾಲಿನ ಭಾಷಣ ಬರೆದಿದ್ದೆ, ಬರೆದಾಗ ಬಹಳ ಹೆಮ್ಮೆ ಇತ್ತು. ಎರಡನೇ ವಾರ ಒಬ್ಬ ಏಳನೇ ಕ್ಲಾಸಿನ ಹುಡುಗ ಆ ದೃಶ್ಯ ಮಾಡ್ದ. ಅವನ ಕೈಗೆ ಒಂದು ಹಗ್ಗ ಕೊಟ್ಟಿದ್ದೆ ಅಷ್ಟೇ. ಎಂಜಿನಿಯರ್ ಆಗಿದ್ದ ಹುಡುಗಿ "ನಾನೇ ಸೇತುವೆ ಕಟ್ಟೋಳು" ಅಂದ್ಲು. ಅವನು ಮಾತಾಡ್ಲಿಲ್ಲ. ಹಗ್ಗ ಸುತ್ತೋಕೆ ಶುರು ಮಾಡ್ದ, ಮೊಣಕೈಗೂ ಅಂಗೈಗೂ ನಡುವೆ, ನಿಧಾನಕ್ಕೆ, ಪೂರ್ತಿ ಸುತ್ತಿದ, ಆಮೇಲೆ ಏನೋ ಸರಿ ಬರ್ಲಿಲ್ಲ ಅನ್ನೋ ಹಾಗೆ ಮತ್ತೆ ಪೂರ್ತಿ ಬಿಚ್ಚಿದ. ರೂಮಲ್ಲಿ 26 ಮಕ್ಕಳಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆಮೇಲೆ ಅವಳ ಕಡೆ ನೋಡದೇನೇ "ನೋಡ್ಕೊಂಡು ಕಾಲಿಡಿ, ಜಾರತ್ತೆ" ಅಂದ. ಅವತ್ತು ರಾತ್ರಿ ನನ್ನ ಆರು ಸಾಲು ಹೊಡೆದು ಹಾಕಿ ಆ ಒಂದು ಸಾಲು ಇಟ್ಟೆ. ಶೋ ದಿನವೂ ಜನ ಅಲ್ಲೇ ನಿಶ್ಶಬ್ದ ಆಗಿದ್ದು.

ನಾಲ್ಕನೇ ವಾರ ಸ್ಕ್ರಿಪ್ಟ್ ಕೊಟ್ಟೆ. ಅದರಲ್ಲಿ ಮೂರರಲ್ಲಿ ಒಂದು ಭಾಗ ಮಕ್ಕಳದ್ದೇ ಮಾತು, ಉಳಿದದ್ದು ನನ್ನದು. ತಮ್ಮ ಮಾತು ಪ್ರಿಂಟಲ್ಲಿ ನೋಡಿದ ಮೇಲೆ ನನ್ನ ಮಾತನ್ನೂ ಅಷ್ಟೇ ಪ್ರೀತಿಯಿಂದ ಒಪ್ಕೊಂಡ್ರು, ಎರಡನೇ ವರ್ಷದ ಜಗಳ ಬರ್ಲೇ ಇಲ್ಲ. ಐದು ದಿನದಲ್ಲಿ ಬಹುಪಾಲು ಮಕ್ಕಳಿಗೆ ಪುಸ್ತಕ ಬೇಡ ಆಯ್ತು.

ದನಿ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಜೋರಾಗಿ ಹೇಳು ಅಂದ್ರೆ ಮಕ್ಕಳು ಕಿರುಚ್ತಾರೆ, ಆದ್ರೂ ಅರ್ಥ ಆಗಲ್ಲ. ಹಾಲ್‌ನ ಕೊನೇ ಸಾಲಲ್ಲಿ ಕೂತು ಗಮನಿಸಿದೆ, ಕನ್ನಡದಲ್ಲಿ ಕ್ರಿಯಾಪದ ಬರೋದೇ ವಾಕ್ಯದ ಕೊನೇಲಿ, ಇಲ್ಲ ಅನ್ನೋದೂ ಅಲ್ಲೇ ಅಂಟ್ಕೊಂಡಿರತ್ತೆ, ಮಕ್ಕಳು ದನಿ ಇಳಿಸೋದೂ ಸರಿಯಾಗಿ ಅಲ್ಲೇ. "ನಾನು ನಾಳೆಯಿಂದ ದೋಣಿ ಬಿಡಲ್ಲ" ಅನ್ನೋದ್ರಲ್ಲಿ ಕೊನೇದು ನುಂಗಿದ್ರೆ ಬಿಡ್ತಾನೋ ಬಿಡಲ್ವೋ ಹಿಂದಿನವರಿಗೆ ಗೊತ್ತೇ ಆಗಲ್ಲ. ಅದಕ್ಕೆ ವಾಕ್ಯದ ಕೊನೇ ಪದಕ್ಕೆ ಒಂದು ಚೆಂಡು ಎಸಿಬೇಕು, ಎದುರಿನೋರು ಹಿಡೀಬೇಕು. ಪದ ಸತ್ರೆ ಚೆಂಡೂ ಅರ್ಧಕ್ಕೇ ಬೀಳತ್ತೆ, ಮಕ್ಕಳಿಗೆ ತಾವೇ ಕಾಣತ್ತೆ. ನಾಲ್ಕು ದಿನ ಹೀಗೆ ಮಾಡಿ ಚೆಂಡು ತೆಗೆದೆ, ದನಿ ಉಳೀತು. ಇದು ಮಾತ್ರ ಪೂರ್ತಿ ನನ್ನದೇ.

ಮಧ್ಯೆ ಇನ್ನೂ ಏನೇನೋ ಪ್ರಯೋಗ ಮಾಡ್ದೆ. ಮೊಬೈಲಲ್ಲಿ ರಿಹರ್ಸಲ್ ವಿಡಿಯೋ ಮಾಡಿ ತೋರ್ಸಿದ್ದು ದೊಡ್ಡ ತಪ್ಪು, ಮಾರನೇ ದಿನದಿಂದ ಎಲ್ಲರೂ ತಮ್ಮ ಮುಖ ಹೇಗೆ ಕಾಣತ್ತೆ ಅಂತಾನೇ ಯೋಚನೆ, ಒಂದು ವಾರ ಬೇಕಾಯ್ತು ಅದು ಹೋಗೋಕೆ. ಬರೀ ಆಡಿಯೋ ಕೇಳ್ಸಿದ್ರೆ ಮಾತ್ರ ಲಾಭ ಇದೆ. ಇಡೀ ನಾಟಕ ಮಾತಿಲ್ಲದೆ ಒಂದು ಸಲ ಮಾಡಿಸ್ದೆ, ಎಲ್ಲಿ ಮಕ್ಕಳು ಸುಮ್ನೆ ಕಂಬದ ಹಾಗೆ ನಿಂತಿರ್ತಾರೆ ಅಂತ ಒಂದೇ ಸಲಕ್ಕೆ ಕಾಣ್ಸತ್ತೆ, ಏಳೆಂಟು ಕಡೆ ಬ್ಲಾಕಿಂಗ್ ಅವತ್ತೇ ಬದಲಾಯ್ತು. ಓಡೋ ರೈಲಿನ ಸ್ಪೀಡಲ್ಲಿ ಮಾತು ಹೇಳ್ಸೋದು ಕೊನೇ ವಾರ ಒಂದೆರಡು ಸಲ ಸಾಕು, ಜಾಸ್ತಿ ಮಾಡಿದ್ರೆ ಶೋದಲ್ಲೂ ಅದೇ ಸ್ಪೀಡ್ ಬರತ್ತೆ. ಇನ್ನು ರಿಹರ್ಸಲ್ ರೂಮಲ್ಲಿ ಸ್ಟೇಜಿನ ಗಡಿ ಗುರುತಿಸೋಕೆ ನೆಲಕ್ಕೆ ಟೇಪ್ ಹಾಕುವಾಗ ಸ್ಟೇಜಿನ ನಿಜವಾದ ಅಳತೆ ಹಾಕಿ, ಕ್ಲಾಸ್‌ರೂಮ್ ಅಳತೆಗೆ ಪ್ರಾಕ್ಟೀಸ್ ಮಾಡಿ ಸ್ಟೇಜಲ್ಲಿ ಅರ್ಧ ಜಾಗ ಖಾಲಿ ಬಿಟ್ಟ ಅನುಭವ ಮೊದಲನೇ ವರ್ಷದ್ದೇ.

ಶೋ ಹಿಂದಿನ ದಿನ ಸಂಜೆ ಎಂಜಿನಿಯರ್ ಪಾತ್ರದ ಹುಡುಗಿಗೆ ಜ್ವರ ಅಂತ ಫೋನ್ ಬಂತು. ಹಳೇ ವಿಧಾನದಲ್ಲಿ ಆಗಿದ್ರೆ ನಾಟಕ ಅಲ್ಲಿಗೇ ಮುಗೀತಿತ್ತು. ಮೂರು ವಾರದ ಅದಲುಬದಲಲ್ಲಿ ಆ ಪಾತ್ರ ಐದು ಹುಡುಗಿಯರು ಮಾಡಿದ್ರು, ಯಾರು ಮಾಡ್ತೀರ ಅಂದೆ, ಮೂವರು ಕೈ ಎತ್ತಿದ್ರು. ಗುಂಪಿನಲ್ಲಿ ನಿಲ್ತಿದ್ದ ಎಂಟನೇ ಕ್ಲಾಸಿನವಳು ಒಂದೇ ಸಂಜೆ ರಿಹರ್ಸಲ್ ಮಾಡಿ ಮಾರನೇ ದಿನ ನಿಂತ್ಲು. ಎರಡು ಕಡೆ ಬರೆದ ಮಾತು ಬಿಟ್ಟು ಬೇರೆ ಮಾತು ಹೇಳಿದ್ಲು, ದೋಣಿಯವನು ಅದಕ್ಕೆ ತಕ್ಕ ಉತ್ತರ ಕೊಟ್ಟ, ಸ್ಕ್ರಿಪ್ಟ್ ಬರೆದ ನನಗೆ ಬಿಟ್ರೆ ಯಾರಿಗೂ ಗೊತ್ತಾಗಲಿಲ್ಲ. ಒಟ್ಟು ರಿಹರ್ಸಲ್ 24, ಬಹುಶಃ 25, ಖರ್ಚು ಮೊದಲನೇ ವರ್ಷದ ಮೂರನೇ ಒಂದು ಭಾಗ ಇರಬಹುದು. ಪರದೆ ಏಳೋಕೆ ಐದು ನಿಮಿಷ ಮುಂಚೆ ಮಕ್ಕಳ ಜೊತೆ ಒಂದು ಕೆಲಸ ಮಾಡ್ತೀನಿ, ಅದನ್ನ ಇಲ್ಲಿ ಬರೆಯಲ್ಲ.

ಇನ್ನೂ ಕೈಗೆ ಬರದೇ ಇರೋದು ಗುಂಪಿನ ದೃಶ್ಯ. ಎಂಟು ಜನದವರೆಗೆ ಈ ವಿಧಾನ ಚೆನ್ನಾಗಿ ನಡೆಯುತ್ತೆ, ಹದಿನೈದು ಜನ ಆದ್ರೆ ಸಂತೆ ಆಗತ್ತೆ, ಸೇತುವೆ ಉದ್ಘಾಟನೆ ದೃಶ್ಯ ಕೊನೆಗೆ ಹಳೇ ಥರಾನೇ ಎಣಿಸಿ ಎಣಿಸಿ ನಿಲ್ಲಿಸಿದ್ದು. ಮುಂದಿನ ವರ್ಷಕ್ಕೆ ಗುಂಪನ್ನ ಮೂರು ಮೂರು ಜನದ ಮನೆಗಳಾಗಿ ಒಡೆದು, ಪ್ರತಿ ಮನೆಗೂ ಆ ದಿನ ಏನೋ ಒಂದು ತುರ್ತು ಕೆಲಸ ಕೊಟ್ಟು ನೋಡೋದಿದೆ. ಯಾರಾದ್ರೂ ಮಾಡಿ ನೋಡಿದ್ರೆ ಹೇಳಿ.