ಅಪ್ಪನ ಲೆನ್ಸು, ಅಪ್ಪನ ಫ್ಲಾಶು, ನನ್ನ ಡಿಜಿಟಲ್ ಬಾಡಿ

ಸಾಗರದಲ್ಲಿದ್ದ ಅಪ್ಪನ ಸ್ಟುಡಿಯೊ ಮುಚ್ಚಿದ ಮೇಲೆ ಮನೆಗೆ ಎರಡು ಟ್ರಂಕು ಬಂದವು. ಒಂದರ ತುಂಬ ನೆಗೆಟಿವ್‌ಗಳು. ಇನ್ನೊಂದರಲ್ಲಿ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾ, ಅದರ 55 ಎಂಎಂ ಸೂಪರ್ ಟಕುಮಾರ್ ಲೆನ್ಸು, ಲೆನ್ಸನ್ನು ಕ್ಯಾಮೆರಾದಿಂದ ಮುಂದಕ್ಕೆ ತರುವ ಮಡಚುವ ತಿದಿ, ಅಂದರೆ ಒಂದು ಬೆಲ್ಲೋಸ್, ಅದೇ ಕೆಲಸಕ್ಕೆ ಮೂರು ಎಕ್ಸ್‌ಟೆನ್ಷನ್ ರಿಂಗು, ಒಂದು ದಪ್ಪ ಫ್ಲಾಶು. ನೆಗೆಟಿವ್‌ನಿಂದ ದೊಡ್ಡ ಫೋಟೊ ಮಾಡುವ ಎನ್‌ಲಾರ್ಜರ್ ಟ್ರಂಕಿಗೆ ಹಿಡಿಸದೆ ಅಟ್ಟ ಸೇರಿತ್ತು. ಕ್ಯಾಮೆರಾದ ಶಟರ್ ಕೆಟ್ಟಿದೆ, ಉಳಿದದ್ದೆಲ್ಲ ಚೆನ್ನಾಗಿಯೇ ಇದೆ.

ಕಳೆದ ಮಳೆಗಾಲದಲ್ಲಿ ನೆಗೆಟಿವ್ ಟ್ರಂಕು ತೆಗೆದರೆ ಬೂಷ್ಟಿನ ವಾಸನೆ. ಇನ್ನು ತಡಮಾಡಿದರೆ ಒಂದೂ ಉಳಿಯುವುದಿಲ್ಲ ಅನ್ನಿಸಿತು. ನನ್ನ ಹತ್ತಿರ ಇರುವುದು ನಿಕಾನ್ ಡಿ5300. ತೀರ ಹತ್ತಿರದ್ದನ್ನು ತೆಗೆಯುವ ಮ್ಯಾಕ್ರೊ ಲೆನ್ಸಿಗೆ ದುಡ್ಡಿರಲಿಲ್ಲ. ಅಪ್ಪನ ಸಾಮಾನಿನಿಂದಲೇ ಅಪ್ಪನ ನೆಗೆಟಿವ್ ಕಾಪಿ ಮಾಡೋಣ ಅಂತ ಹೊರಟೆ.

ಟಕುಮಾರ್ ಲೆನ್ಸಿನದು ತಿರುಪಿನ ಬಾಯಿ, 42 ಎಂಎಂ ಅಗಲ. ಎಲ್ಲರೂ ಎಂ42 ಅನ್ನುತ್ತಾರೆ. ಅದನ್ನು ನಿಕಾನ್‌ಗೆ ಕೂರಿಸುವ ಅಡಾಪ್ಟರ್ ತರಿಸಿದೆ. ಅದರೊಳಗೆ ಒಂದು ಸಣ್ಣ ಗಾಜು ಇತ್ತು. ಯಾಕೆ ಅಂದರೆ, ಎಂ42 ಲೆನ್ಸು ಫಿಲ್ಮಿನಿಂದ 45.46 ಎಂಎಂ ದೂರದಲ್ಲಿ ಕೂರಬೇಕು. ನಿಕಾನ್ ಬಾಡಿಯ ಬಾಯಿಯೇ 46.5 ಎಂಎಂ ದೂರದಲ್ಲಿದೆ. ಮೇಲೆ ಅಡಾಪ್ಟರ್‌ನ ದಪ್ಪ ಬೇರೆ. ಒಟ್ಟು ಎರಡು ಎಂಎಂನಷ್ಟು ಮುಂದೆ ಹೋದ ಲೆನ್ಸಿಗೆ ದೂರದ ಗುಡ್ಡ ಫೋಕಸ್ ಆಗುವುದೇ ಇಲ್ಲ. ಅದನ್ನು ಸರಿಮಾಡಲು ಆ ಗಾಜು. ಆದರೆ ಅದೇ ಗಾಜು ಚಿತ್ರವನ್ನು ಮಂಜು ಮಾಡುತ್ತದೆ. ನನಗೆ ಗುಡ್ಡ ಬೇಕಿಲ್ಲ, ಗೇಣಿಗಿಂತ ಹತ್ತಿರ ಇರುವ ನೆಗೆಟಿವ್ ಬೇಕು. ಹತ್ತಿರದ ಕೆಲಸಕ್ಕೆ ಲೆನ್ಸು ಹೇಗೂ ಮುಂದೆ ಹೋಗಲೇಬೇಕು, ಅಲ್ವಾ? ಗಾಜು ಬಿಚ್ಚಿ ಪಕ್ಕಕ್ಕಿಟ್ಟೆ. ಅವತ್ತಿನಿಂದ ಆ ಎರಡು ಎಂಎಂ ನನಗೆ ಲಾಭವೇ.

ಬೆಲ್ಲೋಸ್ ಮೇಲೆ ಬಹಳ ಆಸೆ ಇಟ್ಟುಕೊಂಡಿದ್ದೆ. ಹಾಕಿ ನೋಡಿದರೆ ಪೂರ್ತಿ ಮಡಚಿದರೂ ಫ್ರೇಮಿನ ಅಂಚು ಕತ್ತರಿಸುತ್ತಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ನೆಗೆಟಿವ್ ಅಗಲ 36 ಎಂಎಂ, ನನ್ನ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿರುವ ಸೆನ್ಸಾರ್‌ನ ಅಗಲ 23.5. ಅಂದರೆ ನೆಗೆಟಿವ್ ಸೆನ್ಸಾರ್ ಮೇಲೆ 0.65ರಷ್ಟಾಗಿ ಬೀಳಬೇಕು. ಅದನ್ನು 55ರಿಂದ ಗುಣಿಸಿದರೆ ಸುಮಾರು 36. ಲೆನ್ಸು ತನ್ನ ಜಾಗದಿಂದ ಅಷ್ಟೇ ಎಂಎಂ ಮುಂದೆ ಬರಬೇಕು. ಬೆಲ್ಲೋಸ್ ಮಡಚಿದಾಗಲೇ ಅದಕ್ಕಿಂತ ಜಾಸ್ತಿ ದಪ್ಪ. ಅದು ಅಪ್ಪನ ಕಾಲದ 35 ಎಂಎಂ ಫಿಲ್ಮಿಗೆ ಮಾಡಿದ್ದು, ಸಣ್ಣ ಸೆನ್ಸಾರ್‌ಗೆ ಅಲ್ಲ. ಅದನ್ನು ಬಿಟ್ಟು 28 ಎಂಎಂ ರಿಂಗು ಒಂದನ್ನೇ ಹಾಕಿದೆ. ಅಡಾಪ್ಟರ್‌ನಿಂದ ಎರಡು, ಉಳಿದ ಆರು ಎಂಎಂ ಲೆನ್ಸಿನ ಫೋಕಸ್ ರಿಂಗು ತಿರುಗಿಸಿದರೆ ಬರುತ್ತದೆ. ಫ್ರೇಮು ನಾಲ್ಕೂ ಕಡೆ ಸರಿಯಾಗಿ ಕೂತಿತು. ಫೋಕಸ್ ರಿಂಗಿನಲ್ಲಿ ಅಳತೆ ಹೊಂದಿಸಿಕೊಂಡ ಮೇಲೆ ಅದನ್ನು ಮುಟ್ಟಬೇಡಿ. ಫೋಕಸ್‌ಗೆ ಕ್ಯಾಮೆರಾವನ್ನೇ ಮೇಲೆ ಕೆಳಗೆ ಸರಿಸಿ.

ಮೇಲೆ ಕೆಳಗೆ ಸರಿಸಲು ಎನ್‌ಲಾರ್ಜರ್ ಕಂಬಕ್ಕಿಂತ ಒಳ್ಳೆಯದು ಇನ್ನೇನಿದೆ! ತಲೆಯ ಭಾಗ ಬಿಚ್ಚಿ, ಆ ಜಾಗಕ್ಕೆ ಒಂದು ಕಬ್ಬಿಣದ ಪಟ್ಟಿ ಹಾಕಿ, ಕ್ಯಾಮೆರಾ ಕೆಳಮುಖ ಮಾಡಿ ಬಿಗಿದೆ. ಇಲ್ಲೊಂದು ಎಚ್ಚರಿಕೆ. ಟ್ರೈಪಾಡ್ ತೂತಿಗೆ ಕಾಲು ಇಂಚಿನ ಬೋಲ್ಟು ಬೇಕು. ಹಾರ್ಡ್‌ವೇರ್ ಅಂಗಡಿಯ 6 ಎಂಎಂ ಬೋಲ್ಟು ನೋಡಲು ಹಾಗೇ ಇರುತ್ತದೆ, ಒಂದೆರಡು ಸುತ್ತು ಒಳಗೂ ಹೋಗುತ್ತದೆ. ಮತ್ತೆ ಬಿಗಿಯಾದರೆ ಒತ್ತಬೇಡಿ, ತೂತಿನೊಳಗಿನ ತಿರುಪು ಹಾಳಾಗುತ್ತದೆ. ಎನ್‌ಲಾರ್ಜರ್‌ನ ನೆಗೆಟಿವ್ ಕ್ಯಾರಿಯರ್ ಕೂಡ ಕೆಲಸಕ್ಕೆ ಬಂತು. ಅದರಷ್ಟು ಸಮವಾಗಿ ಫಿಲ್ಮು ಹಿಡಿಯುವುದು ಬೇರೆ ಯಾವುದೂ ನನಗೆ ಸಿಕ್ಕಿಲ್ಲ.

ಇನ್ನು ಫ್ಲಾಶು. ಇದನ್ನು ಸುಮ್ನೆ ತಂದು ಹೊಸ ಕ್ಯಾಮೆರಾದ ತಲೆ ಮೇಲಿನ ಫ್ಲಾಶಿನ ಜಾಗಕ್ಕೆ, ಅಂದರೆ ಹಾಟ್ ಶೂಗೆ ಸಿಕ್ಕಿಸಬೇಡಿ, ದಯವಿಟ್ಟು. ಹೊಸ ಬ್ಯಾಟರಿ ಹಾಕಿ, ಕೆಂಪು ದೀಪ ಬರುವ ತನಕ ಕಾದು, ಮಲ್ಟಿಮೀಟರ್‌ನ ಒಂದು ಕಡ್ಡಿ ಫ್ಲಾಶಿನ ಕಾಲಿನ ನಡುವಿನ ಚುಕ್ಕೆಗೆ, ಇನ್ನೊಂದು ಪಕ್ಕದ ತಗಡಿಗೆ ಇಟ್ಟೆ. 210 ವೋಲ್ಟ್! ಹಾಟ್ ಶೂಗೆ ಸಿಕ್ಕಿಸಿದರೆ ಅಷ್ಟೂ ಕ್ಯಾಮೆರಾದ ಮೇಲೆ ಬೀಳುತ್ತದೆ. ಈಗಿನ ಫ್ಲಾಶುಗಳಲ್ಲಿ ಇದು ಕೆಲವೇ ವೋಲ್ಟ್ ಇರುತ್ತದೆ. ನಿಕಾನ್ 250ರ ತನಕ ಪರವಾಗಿಲ್ಲ ಅನ್ನುತ್ತದೆ. ಆದರೆ ಎಲ್ಲ ಕ್ಯಾಮೆರಾಗಳೂ ಹಾಗಲ್ಲ, ಹಳೆಯ ಫ್ಲಾಶಿನ ಮೇಲೆ ಅಷ್ಟು ನಂಬಿಕೆ ಇಡಲು ನನಗೂ ಧೈರ್ಯ ಬರಲಿಲ್ಲ. ಮೀಟರ್ ಇಲ್ಲದವರು ಫ್ಲಾಶು ಬಿಚ್ಚಿ ಒಳಗೆ ನೋಡಲು ಹೋಗಬೇಡಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್ ಜೋರಾಗಿ ಹೊಡೆಯುತ್ತದೆ.

ಹಾಗಾಗಿ ಫ್ಲಾಶು ಕ್ಯಾಮೆರಾವನ್ನು ಮುಟ್ಟುವುದೇ ಬೇಡ ಅಂತ ತೀರ್ಮಾನ ಮಾಡಿದೆ. ಒಂದು ಆಪ್ಟಿಕಲ್ ಸ್ಲೇವ್ ತಂದೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಬೇರೆ ಫ್ಲಾಶಿನ ಬೆಳಕು ಕಂಡ ಕ್ಷಣ ತಾನು ಹಿಡಿದ ಫ್ಲಾಶನ್ನು ಹೊಡೆಸುತ್ತದೆ. ಕ್ಯಾಮೆರಾದಲ್ಲೇ ಇರುವ, ಮೇಲಕ್ಕೆ ಏಳುವ ಪಾಪ್-ಅಪ್ ಫ್ಲಾಶು ಅದಕ್ಕೆ ಸನ್ನೆ. ಪಾಪ್-ಅಪ್ಪನ್ನು ಮ್ಯಾನುಯಲ್‌ಗೆ ಹಾಕಿ ಪೂರ್ತಿ ಕಡಿಮೆ ಮಾಡಬೇಕು. ಕ್ಯಾಮೆರಾ ತಾನೇ ಬೆಳಕು ಲೆಕ್ಕ ಹಾಕುವ ಟಿಟಿಎಲ್‌ನಲ್ಲಿ, ಅಳತೆಗಾಗಿ ಫೋಟೊಗೆ ಮೊದಲೇ ಒಂದು ಮಿಂಚು ಹೊಡೆಯುತ್ತದೆ, ಸ್ಲೇವ್ ಅದಕ್ಕೇ ಓಗೊಟ್ಟು ಬಿಡುತ್ತದೆ. ಚಿತ್ರ ಪೂರ್ತಿ ಕಪ್ಪು. ಒಂದು ಸಂಜೆ ಇಡೀ ನಾನು ಸ್ಲೇವ್ ಕೆಟ್ಟಿದೆ ಅಂದುಕೊಂಡಿದ್ದೆ.

ಇನ್ನೊಂದು ತೊಂದರೆ, ಪಾಪ್-ಅಪ್ ಬೆಳಕು ನೆಗೆಟಿವ್ ಮೇಲೆಯೂ ಬಿದ್ದು ಹೊಳೆಯುತ್ತಿತ್ತು. ಇದಕ್ಕೆ ಅಪ್ಪ ದಾರಿ ಹೇಳಿದರು. “ಕಲರ್ ರೋಲಿನ ಶುರುವಿನ ಕಪ್ಪು ತುಂಡು ಇರತ್ತಲ್ಲ ಮಗಾ, ಅದನ್ನ ಎರಡು ಪದರ ಮಾಡಿ ಅಂಟಿಸು. ಬ್ಲ್ಯಾಕ್ ಅಂಡ್ ವೈಟ್ ರೋಲಿಂದು ಬೇಡ.” ಕಲರ್ ಫಿಲ್ಮಿನ ಕಪ್ಪು ಬಣ್ಣಗಳು (ಡೈ) ಸೇರಿ ಆದದ್ದು, ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಡುತ್ತದೆ. ಸ್ಲೇವ್‌ನ ಕಣ್ಣಿಗೆ ಅಷ್ಟು ಸಾಕು. ಬ್ಲ್ಯಾಕ್ ಅಂಡ್ ವೈಟ್ ಫಿಲ್ಮಿನ ಕಪ್ಪು ಬೆಳ್ಳಿಯದ್ದು, ಅದು ಎರಡನ್ನೂ ತಡೆಯುತ್ತದೆ. ಪಾಪ್-ಅಪ್ ಮುಂದೆ ಅಂಟಿಸಿದೆ. ಹೊಳಪು ಮಾಯ, ಸ್ಲೇವ್ ಮಾತ್ರ ಒಂದು ಸಲವೂ ತಪ್ಪಲಿಲ್ಲ.

ಕೆಳಗೆ ಒಳಗೆಲ್ಲ ಬಿಳಿ ಕಾಗದ ಅಂಟಿಸಿದ ರಟ್ಟಿನ ಡಬ್ಬ, ಅದರಲ್ಲಿ ಫ್ಲಾಶು, ಸ್ಲೇವ್‌ನ ಕಣ್ಣು ಡಬ್ಬದ ಹೊರಗೆ. ಮೇಲೆ ಬೋರ್ಡ್ ಬರೆಯುವವರ ಹತ್ತಿರ ಕೇಳಿ ತಂದ ಹಾಲುಬಿಳಿ ಅಕ್ರಿಲಿಕ್ ತುಂಡು, ಅದರಿಂದ ಸ್ವಲ್ಪ ಮೇಲೆ ಕ್ಯಾರಿಯರ್. ಲೆನ್ಸಿನ ಪಕ್ಕದ ಕೀಲಿಯನ್ನು ಎಂ ಕಡೆ ಸರಿಸಬೇಕು, ಇಲ್ಲದಿದ್ದರೆ ನೀವು ಎಫ್8 ಇಟ್ಟರೂ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಪೂರ್ತಿ ತೆರೆದೇ ಇರುತ್ತದೆ. ಡಿ5300ಗೆ ಈ ಲೆನ್ಸು ಇರುವುದೇ ಗೊತ್ತಾಗುವುದಿಲ್ಲ, ಬೆಳಕು ಅಳೆಯುವುದಿಲ್ಲ. ಮೋಡ್ ಎಂ, ಐಎಸ್ಒ 100, ಶಟರ್ 1/125. ಬೆಳಕು ಹೆಚ್ಚು ಕಡಿಮೆ ಆದರೆ ಫ್ಲಾಶನ್ನೇ ಹತ್ತಿರ ದೂರ ಮಾಡುತ್ತೇನೆ.

ಮೊದಲು ಸರಿಯಾಗಿ ಬಂದದ್ದು ಒಂದು ಮದುವೆ ಮನೆಯ ಫ್ರೇಮು. ಕಂಪ್ಯೂಟರ್‌ನಲ್ಲಿ ಬಣ್ಣ ತಿರುಗಿಸಿ ದೊಡ್ಡದು ಮಾಡಿದೆ. ಅಡಿಕೆ ಚಪ್ಪರದ ಕೆಳಗೆ ಪಂಕ್ತಿಯಲ್ಲಿ ಕೂತ ಹುಡುಗನ ಎಲೆಯ ಮೇಲಿನ ಉಪ್ಪಿನ ಹರಳು ಕೂಡ ಕಾಣುತ್ತಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಇದೇ ಲೆನ್ಸಲ್ಲಿ ತೆಗೆದದ್ದು” ಅಂದರು.

35 ಎಂಎಂ ಡಬ್ಬಗಳು ಅರ್ಧ ಮುಗಿದಿವೆ. ಅಡಿಯಲ್ಲಿ 120 ರೋಲಿನ ಚೌಕ ನೆಗೆಟಿವ್‌ಗಳಿವೆ, 56 ಎಂಎಂನವು. ಚೌಕ ಸೆನ್ಸಾರ್‌ನ ಗಿಡ್ಡ ಬದಿಗೆ ಹಿಡಿಸಬೇಕು, ಅದಕ್ಕೆ ಲೆನ್ಸು ಹದಿನೈದು ಎಂಎಂ ಮುಂದೆ ಬಂದರೆ ಸಾಕು. 28ರ ರಿಂಗು ಬಿಚ್ಚಿ, ನಿನ್ನೆ ರಾತ್ರಿ 7ರ ರಿಂಗು ಹಾಕಿಟ್ಟಿದ್ದೇನೆ.